ನೀರಿಗಿಂತ ಮೊದಲು ಕಿಟ್ಟಿನ ಪರೀಕ್ಷೆ

ಸತ್ತ ಮೀನಿನ ಫೋಟೊ ನೋಡುತ್ತಾ ಕಾಫಿ ಕುಡಿಯುವುದು ನಮ್ಮ ಕಸುಬಿನಲ್ಲಿ ಹೊಸದೇನಲ್ಲ. ರಾಯದುರ್ಗದಲ್ಲಿ ಬಣ್ಣದ ಮೀನಿನ ಅಂಗಡಿ ಇಟ್ಟವಳಿಗೆ ಬೆಳಗಾದರೆ ಫೋನಿಗೆ ಬರುವುದು ಇಂಥವೇ. ಅರ್ಧಕ್ಕರ್ಧ ಮಂದಿಗೆ ನನ್ನ ಉತ್ತರವೂ ಒಂದೇ: ಮೇವು ಕಡಿಮೆ ಹಾಕ್ರಿ, ನೀರು ಬದಲಾಯಿಸ್ರಿ. ಆದರೆ ಮಡಕಶಿರಾ ಕಡೆಯಿಂದ ಅವತ್ತು ಬಂದ ಫೋಟೊ ನೋಡಿ ಲೋಟ ಕೆಳಗಿಟ್ಟೆ. ಸಿಮೆಂಟ್ ತೊಟ್ಟಿಯ ಅಂಚಿನ ಮೇಲೆ ಸಾಲಾಗಿ ಮಲಗಿಸಿದ್ದ ಗೋಲ್ಡ್ ಫಿಶ್‌ಗಳು, ಒಂದೊಂದೂ ಅಂಗೈಯಗಲ. ಮೊಟ್ಟೆ ಇಡಿಸಲೆಂದು ನಾನೇ ಆರಿಸಿ ಕೊಟ್ಟಿದ್ದ ತಾಯಿ ಮೀನುಗಳು ಅವು.

ಸಾಕುತ್ತಿದ್ದವಳು ಅಮರಾಪುರ ರಸ್ತೆಯ ಹಳ್ಳಿಯೊಂದರ ರೇಷ್ಮೆ ಮನೆತನದ ಸೊಸೆ. ಆ ಮನೆಗೆ ಹುಳ ಸಾಕುವ ಶೆಡ್ಡುಗಳು ಎರಡು. ಒಂದು ವರ್ಷ ಹಿಪ್ಪುನೇರಳೆ ತೋಟ ಒಣಗಿ ಸೊಪ್ಪು ಸಾಲದೆ ಒಂದು ಖಾಲಿ ಬಿದ್ದಿತ್ತು. ಅದರೊಳಗೆ ಆಕೆ ಒಂದೊಂದೇ ತೊಟ್ಟಿ ಕಟ್ಟಿಸಿ ಮೀನು ಬಿಟ್ಟಿದ್ದಳು. ಕಲಿಯುವ ಹುಡುಗಿ; ಹೇಳಿದ್ದನ್ನು ಮಾಡುವವಳು, ಹೇಳದ್ದನ್ನು ಕೇಳುವವಳು. ಅಂಥವರು ನನಗೆ ಕಡಿಮೆ ಸಿಗುತ್ತಾರೆ.

ಫೋನ್ ಮಾಡಿದರೆ ಅಳು.

“ಅಕ್ಕ, ಇವತ್ತೂ ಹೋದ್ವು ಕಣಕ್ಕ. ದಿನಾ ಟೆಸ್ಟ್ ಮಾಡ್ತಾನೇ ಇದೀನಿ. ಅಮೋನಿಯಾ ಸೊನ್ನೇನೇ ತೋರ್ಸ್ತೈತೆ. ನೀರು ಚೆನ್ನಾಗೈತೆ, ಮೀನು ಮಾತ್ರ ಸಾಯ್ತವೆ.”

“ಯಾಕ ಅಳ್ತಿ? ಅತ್ರ ಮೀನು ಎದ್ದು ಬರ್ತಾವೇನು? ಉಸಿರಾಟ ಹೆಂಗೈತಿ ಹೇಳು.”

“ಮೇಲಕ್ಕೆ ಬಂದು ಬಾಯಿ ಬಿಡ್ತವೆ. ಕಿವಿರು ಕೆಂಪಗಾಗವೆ.” ಆಮೇಲೆ ದನಿ ತಗ್ಗಿಸಿ ಹೇಳಿದಳು: “ಮಾವ ಎರಡೂ ಶೆಡ್ಡಿಗೆ ಆಗೋಷ್ಟು ರೇಷ್ಮೆ ಮೊಟ್ಟೆಗೆ ಹೇಳವ್ರೆ ಅಕ್ಕ. ಉಳಿದವೂ ಸತ್ರೆ ತೊಟ್ಟಿ ಒಡೆಸಿ ಹುಳ ಬಿಡ್ತೀನಿ ಅಂದ್ರು. ಮೊಟ್ಟೆ ಮುಂದಿನ ವಾರ ಬತ್ತವೆ.”

ಇದು ನನಗೆ ಸಂಕಟವಾದ ಮಾತು. ಮೀನು ಇನ್ನೊಂದು ತರಬಹುದು. ಒಡೆದ ತೊಟ್ಟಿಯನ್ನು ಆ ಮನೆಯಲ್ಲಿ ಸೊಸೆಗೆ ಮತ್ತೆ ಕಟ್ಟಿಸಿ ಕೊಡುವವರು ಯಾರು?

ಅಮೋನಿಯಾ ಸೊನ್ನೆ ಎಂದಮೇಲೆ ಕಿವಿರಿನ ರೋಗವೇ ಇರಬೇಕು ಎಂದುಕೊಂಡು ಅದರ ಔಷಧಿ, ಗಾಳಿ ಪಂಪು, ಒಂದಿಷ್ಟು ಕಲ್ಲುಪ್ಪು ಚೀಲಕ್ಕೆ ತುಂಬಿಕೊಂಡೆ. ಟೆಸ್ಟ್ ಕಿಟ್ ಒಯ್ಯಲಿಲ್ಲ. ಅವಳ ಹತ್ತಿರ ಇರುವುದು ಹೊಸದು, ನನ್ನ ಅಂಗಡಿಯದೇ, ಡಬ್ಬಿಯ ಮೇಲಿನ ತಾರೀಖು ಇನ್ನೂ ದೂರ. ತಂಗಿಯನ್ನು ಅಂಗಡಿಯಲ್ಲಿ ಕೂರಿಸಿ, ಕಲ್ಯಾಣದುರ್ಗದಲ್ಲಿ ಬಸ್ಸು ಬದಲಾಯಿಸಿ ಮಡಕಶಿರಾ ಸೇರುವಾಗ ಬಿಸಿಲು ನೆತ್ತಿಗೇರಿತ್ತು. ಚಳಿಗಾಲ ಮುಗಿಯುವ ದಿನಗಳು. ಆ ಕಡೆ ಬೆಳಗ್ಗೆ ಹಲ್ಲು ಕಟಕಟ, ಮಧ್ಯಾಹ್ನ ಬೆನ್ನು ಸುಡುವ ಬಿಸಿಲು. ಬಸ್ ಸ್ಟ್ಯಾಂಡಿಗೆ ಸೊಸೆಯೇ ಸ್ಕೂಟಿ ತಂದಿದ್ದಳು.

ಅಂಗಳದಲ್ಲಿ ಮಾವ ಹಿಪ್ಪುನೇರಳೆ ಕಡ್ಡಿ ಕತ್ತರಿಸುತ್ತಾ ಕೂತಿದ್ದರು. ದೊಡ್ಡ ಮೀಸೆ, ಸಣ್ಣ ದನಿ. ನನ್ನ ಚೀಲ ನೋಡಿ, “ಬಾರಮ್ಮ ರಾಯದುರ್ಗದೋಳೇ. ಮೀನಿಗೂ ಡಾಕ್ಟ್ರು ಬಂದ್ರಾ?” ಅಂದರು.

“ಹುಳಕ್ಕ ನೀವು ಡಾಕ್ಟ್ರಲ್ಲೇನ್ರಿ ಯಜಮಾನ್ರ? ಹಂಗ ಇದೂ,” ಅಂದೆ. ಮೀಸೆಯೊಳಗೇ ನಕ್ಕರೇನೋ, ಗೊತ್ತಾಗಲಿಲ್ಲ.

ಶೆಡ್ಡಿಗೆ ಹೋದೆ. ಗೋಡೆಗೆಲ್ಲ ಸುಣ್ಣ, ಮೂಲೆಯಲ್ಲಿ ಬ್ಲೀಚಿಂಗ್ ಪುಡಿಯ ಚೀಲ. ರೇಷ್ಮೆಯವರು ಒಂದು ಬೆಳೆ ಮುಗಿದು ಇನ್ನೊಂದು ಹಿಡಿಯುವ ಮೊದಲು ಮನೆಯನ್ನೆಲ್ಲ ಬ್ಲೀಚಿಂಗ್ ಹಾಕಿ ತೊಳೆಯುತ್ತಾರೆ; ಅದು ತಪ್ಪಿದರೆ ಹುಳಕ್ಕೆ ರೋಗ ತಗಲುತ್ತದೆ. ನನ್ನ ಮೊದಲ ಅನುಮಾನ ಅದರ ಮೇಲೆಯೇ ಹೋಯಿತು. ತೊಟ್ಟಿಗೆ ಬ್ಲೀಚಿಂಗ್ ಬಿದ್ದರೆ ಮೀನಿನ ಕತೆ ಮುಗಿದಂತೆ. ಕೇಳಿದರೆ ಸೊಸೆ ಪಕ್ಕಾ ಲೆಕ್ಕ ಕೊಟ್ಟಳು: ಈ ಶೆಡ್ಡು ತೊಳೆದು ತಿಂಗಳುಗಳಾದವು, ತೊಳೆಯುವ ಪೈಪು ಬೇರೆ, ಬಕೆಟ್ ಬೇರೆ. ಆಮೇಲೆ ತೋಟದ ಔಷಧಿಯೇನಾದರೂ ಗಾಳಿಗೆ ಹಾರಿ ಬಂತೇ ಎಂದು ಕೇಳಿದೆ. ಕೇಳಿದ ನನಗೇ ನಗು ಬಂತು. ಹುಳ ಸಾಕುವವರು ಸೊಪ್ಪಿಗೆ ವಿಷ ಹೊಡೆಯುತ್ತಾರೆಯೇ? ಹುಳವೇ ಮೊದಲು ಸಾಯುತ್ತದೆ.

“ಕಿಟ್ ತಾ,” ಅಂದೆ. ಆಕೆ ಶೆಡ್ಡಿನಿಂದ ಹೊರಗೆ ಹೋಗಿ ಮನೆಯೊಳಗಿಂದ ಡಬ್ಬಿ ತಂದಳು. ಅದು ಎಲ್ಲಿಂದ ಬಂತು ಎಂದು ಆಗ ನಾನು ಕೇಳಲಿಲ್ಲ.

ಗೊತ್ತಿಲ್ಲದವರಿಗೆ ಒಂದು ಮಾತು. ಕಿಟ್ಟಿನಲ್ಲಿ ನೀರಿನ ಕ್ಷಾರ ನೋಡಲು ಒಂದು ಬಾಟಲಿ, ಅಮೋನಿಯಾ ನೋಡಲು ಎರಡು. ಗಾಜಿನ ಕೊಳವೆಗೆ ಗೆರೆಯವರೆಗೆ ನೀರು ತುಂಬಿ, ಮೊದಲನೆಯದರಿಂದ ಎಣಿಸಿ ಹನಿ ಹಾಕಬೇಕು, ಆಮೇಲೆ ಎರಡನೆಯದರಿಂದ. ಅಲ್ಲಾಡಿಸಿ, ಕಾದು, ಬಣ್ಣ ನೋಡಬೇಕು. ಹಳದಿಯಾದರೆ ಅಮೋನಿಯಾ ಇಲ್ಲ. ಹಸಿರಿಗೆ ತಿರುಗಿದರೆ ಇದೆ. ಹಸಿರು ಗಾಢವಾದಷ್ಟೂ ಅಪಾಯ. ಮೀನು ವಿಸರ್ಜಿಸಿದ್ದು, ತಿನ್ನದೆ ಬಿಟ್ಟ ಮೇವು ಕೊಳೆತದ್ದು, ಎಲ್ಲವೂ ಕೊನೆಗೆ ಅಮೋನಿಯಾ ಆಗುತ್ತದೆ.

ನಾನೇ ಹಾಕಿದೆ. ಹಳದಿ. ತಿಳಿ ಹಳದಿ, ಒಂದು ಎಳೆ ಹಸಿರಿಲ್ಲ. ಇನ್ನೊಂದು ತೊಟ್ಟಿಯ ನೀರು ಹಾಕಿದೆ. ಅದೂ ಹಳದಿ. ಎರಡನೇ ಬಾಟಲಿ ಮೂಸಿದೆ. ಈ ಎರಡನೆಯದರಲ್ಲಿ ಇರುವುದು ಬ್ಲೀಚಿಂಗ್ ಜಾತಿಯ ದ್ರಾವಣ; ಜೀವ ಇದ್ದರೆ ಮುಚ್ಚಳ ತೆಗೆದ ಕೂಡಲೇ ಮೂಗಿಗೆ ಹೊಡೆಯುತ್ತದೆ. ಹೊಡೆಯಿತು. ಸರಿ, ಬಾಟಲಿ ಚೆನ್ನಾಗಿದೆ ಎಂದುಕೊಂಡೆ. ರೋಗದ ಔಷಧಿಯನ್ನೇ ಹಾಕಿ, ಗಾಳಿ ಪಂಪು ಜೋಡಿಸಿ, ಅಂಗಳಕ್ಕೆ ಬಂದು ಮುದ್ದೆ ಊಟ ಮಾಡಿದೆ.

ಊಟ ಇಳಿಯುವುದರೊಳಗೆ ಶೆಡ್ಡಿನಿಂದ ಸೊಸೆ ಕೂಗಿದಳು. ಇನ್ನೊಂದು ತಾಯಿ ಮೀನು ಮಗುಚಿತ್ತು.

ಮಾವ ಎದ್ದು ಬಂದು ನೋಡಿದರು. “ಬುಡಮ್ಮ, ಆ ಸಾವ್ನ ದಿನಾ ನೋಡಕಾಗಲ್ಲ. ನಮ್ಗೆ ಗೊತ್ತಿರೋದು ಹುಳ. ಮೊಟ್ಟೆ ಬರ್ಲಿ, ಹುಳಾನೇ ಬಿಡಾನ,” ಅಂದು ಹೋದರು. ಸಿಟ್ಟಿನ ದನಿಯಾಗಿರಲಿಲ್ಲ, ಅದಕ್ಕೇ ನನಗೆ ಹೆದರಿಕೆಯಾಯಿತು. ಸಿಟ್ಟಾದರೆ ಇಳಿಯುತ್ತದೆ. ಇವರು ತೀರ್ಮಾನಿಸಿಬಿಟ್ಟಿದ್ದರು.

ಸೊಸೆ ಸತ್ತ ಮೀನು ಕೈಯಲ್ಲಿ ಹಿಡಿದು ನಿಂತಿದ್ದಳು. “ನಿನ್ನೇನೂ ಇದೇ ಒತ್ಗೆ ಅಕ್ಕ. ಮೊನ್ನೇನೂ ಇದೇ ಒತ್ಗೆ,” ಅಂದಳು.

“ಏನಂದಿ?”

“ಯಾವಾಗ್ಲೂ ಊಟ ಆದ್ಮೇಲೇನೇ ಸಾಯೋದು. ಬೆಳಿಗ್ಗೆ ಚೆನ್ನಾಗೇ ಇರ್ತವೆ.”

ನಾನು ಅಲ್ಲೇ ತೊಟ್ಟಿಯ ಕಟ್ಟೆ ಮೇಲೆ ಕೂತುಬಿಟ್ಟೆ. ಎಂಥ ಪೆದ್ದಿ ನಾನು, ಇದನ್ನಲ್ಲವೇ ಮೊದಲು ಕೇಳಬೇಕಾದ್ದು! ನೀರಿನಲ್ಲಿ ಗಾಳಿ ಕಡಿಮೆಯಾದರೆ ಮೀನು ಸಾಯುವುದು ಬೆಳಗಿನ ಜಾವ. ರೋಗವಾದರೆ ಹೊತ್ತು ನೋಡುವುದಿಲ್ಲ. ಮಧ್ಯಾಹ್ನವೇ ಸಾಯುವುದೆಂದರೆ ಬೇರೆ. ಶೆಡ್ಡಿನ ಕಿಟಕಿಯಿಂದ ಬಿಸಿಲು ನೇರ ತೊಟ್ಟಿಗೆ ಬೀಳುತ್ತಿತ್ತು, ನೀರಿನಲ್ಲಿ ಪಾಚಿ ಹಸಿರು. ಬಿಸಿಲಿಗೆ ಪಾಚಿ ಕೆಲಸ ಮಾಡಿದಂತೆಲ್ಲ ನೀರಿನ ಕ್ಷಾರ ಏರುತ್ತದೆ. ಆ ಕಡೆಯ ಬೋರಿನ ನೀರೇ ಗಡಸು. ಕ್ಷಾರ ಏರಿದಾಗ ಸುಮ್ಮನಿದ್ದ ಅಮೋನಿಯಾ ವಿಷವಾಗುತ್ತದೆ. ಬೆಳಗ್ಗೆ ತಡೆದುಕೊಂಡ ಮೀನು ಮಧ್ಯಾಹ್ನ ತಡೆಯದು.

“ಏನು ಹಾಕ್ತಿದ್ದಿ ಮೇವು?”

ಆಕೆ ಹಿಂಜರಿದಳು. ನೂಲು ತೆಗೆಯುವ ಕಡೆಯಿಂದ ಗೂಡಿನೊಳಗೆ ಉಳಿದ ಸತ್ತ ಹುಳ, ಅಂದರೆ ಪ್ಯೂಪಾ ತಂದು, ಒಣಗಿಸಿ, ಪುಡಿ ಮಾಡಿ ಹಾಕುತ್ತಿದ್ದಳಂತೆ. ಮೀನು ದುಂಡಗೆ ಬಂದವು, ಬಣ್ಣ ಬಂತು. ದಿನಾ ಟೆಸ್ಟಿನಲ್ಲಿ ಸೊನ್ನೆ ಬರುತ್ತಿದ್ದುದರಿಂದ ಧೈರ್ಯವಾಗಿ ಇನ್ನಷ್ಟು ಹಾಕಿದಳಂತೆ. ಪ್ಯೂಪಾ ಅಂದರೆ ಬರೀ ಎಣ್ಣೆ, ಬರೀ ಮಾಂಸ. ಅಷ್ಟು ಉಣ್ಣಿಸಿದ ತೊಟ್ಟಿಯಲ್ಲಿ ಅಮೋನಿಯಾ ಸೊನ್ನೆಯೇ? ಹೊಸ ನೀರು ತುಂಬಿದ ದಿನ ಬಿಟ್ಟರೆ ಅದು ಸಾಧ್ಯವೇ ಇಲ್ಲ.

ಮೀನು ಒಂದು ಹೇಳುತ್ತಿದೆ, ಬಾಟಲಿ ಇನ್ನೊಂದು ಹೇಳುತ್ತಿದೆ. ಸಾಯುವ ಮೀನು ನಾಟಕ ಮಾಡುವುದಿಲ್ಲ. ಹಾಗಾದರೆ ಸುಳ್ಳು ಬಾಟಲಿಯದು. ಆ ಗಳಿಗೆಯಲ್ಲಿ ತೀರ್ಮಾನ ಮಾಡಿದೆ: ಇನ್ನು ನೀರಿನ ಪರೀಕ್ಷೆ ಸಾಕು, ಮೊದಲು ಕಿಟ್ಟಿನ ಪರೀಕ್ಷೆ.

ಎರಡನೇ ಬಾಟಲಿ ತೆಗೆದುಕೊಂಡು ಶೆಡ್ಡಿನಿಂದ ದೂರ, ಬೇಲಿಯ ಹತ್ತಿರ ಹೋದೆ. ಕೈಯನ್ನು ಮಣ್ಣಿನಲ್ಲಿ ಉಜ್ಜಿ ತೊಳೆದು, ಮುಚ್ಚಳ ತೆಗೆದು ಮೂಸಿದೆ. ಏನೂ ಇಲ್ಲ! ಬಾವಿ ನೀರಿನಷ್ಟು ಸಪ್ಪೆ. ಶೆಡ್ಡಿನೊಳಗೆ ನನ್ನ ಮೂಗಿಗೆ ಹೊಡೆದದ್ದು ಮೂಲೆಯ ಬ್ಲೀಚಿಂಗ್ ಚೀಲ. ಬ್ಲೀಚಿಂಗ್ ವಾಸನೆಯಲ್ಲೇ ಬದುಕುವ ಮನೆಯಲ್ಲಿ ಮೂಗನ್ನು ನಂಬುವುದು ಹೇಗೆ?

ಆದರೆ ಮೂಗಿನ ಮಾತಿಗೆ ಮಾವ ಒಪ್ಪುವವರಲ್ಲ. ಕಣ್ಣಿಗೆ ತೋರಿಸಬೇಕಿತ್ತು. ಅಮೋನಿಯಾ ಖಂಡಿತ ಇರುವ ನೀರು ಬೇಕು. ಅದು ಎಲ್ಲಿ ಸಿಗುತ್ತದೆ ಎಂದು ಯೋಚಿಸಿದಾಗ ನೆನಪಾದದ್ದು ಪಾತ್ರೆಗೆ ಕಲಾಯಿ ಹಾಕುವವರ ನವಸಾಗರ. ಕಾದ ಹಿತ್ತಾಳೆಗೆ ಅದನ್ನು ಉಜ್ಜಿದಾಗ ಬರುವ ಬಿಳಿ ಹೊಗೆ, ಆ ಘಾಟು ನೋಡಿದವರಿಗೆ ಗೊತ್ತು. ಅದು ಅಮೋನಿಯಾದ ಉಪ್ಪೇ. ಸೊಸೆಯ ಸ್ಕೂಟಿ ಹತ್ತಿ ಮಡಕಶಿರಾದ ಗ್ರಂಧಿಗೆ ಅಂಗಡಿಗೆ ಹೋದೆವು.

“ನವಸಾಗರನಾ? ಕಲಾಯಿ ಮಾಡ್ತೀರೇನಮ್ಮ?” ಅಂದ ಅಂಗಡಿಯವ.

“ಕಲಾಯಿನೇ. ಒಂದು ಬಾಟ್ಲಿ ಬಣ್ಣ ಬಯಲು ಮಾಡಬೇಕಾಗೇತ್ರಿ,” ಅಂದೆ. ಸೊಸೆ ಅವತ್ತು ಮೊದಲ ಸಲ ನಕ್ಕಳು.

ವಾಪಸ್ ಬಂದು ಮಾವನನ್ನು ಕರೆದೆ. “ಯಜಮಾನ್ರ, ಒಂದೀಟು ಬರ್ರಿ. ಕಣ್ಣಾರೆ ನೋಡಿ ಆಮ್ಯಾಲೆ ಬೇಕಾದ್ರ ತೊಟ್ಟಿ ಒಡಸ್ರಿ.”

ಅಂಗಳದಲ್ಲಿ, ಬ್ಲೀಚಿಂಗ್‌ನಿಂದ ದೂರ, ಎಲ್ಲವನ್ನೂ ಜೋಡಿಸಿದೆ. ಕುಡಿಯುವ ಕ್ಯಾನ್ ನೀರು ಒಂದು ಕೊಳವೆಗೆ. ತೊಗರಿಬೇಳೆಯಷ್ಟು ನವಸಾಗರವನ್ನು ಒಂದು ಬಿಂದಿಗೆ ಕ್ಯಾನ್ ನೀರಿಗೆ ಹಾಕಿ ಕಲಕಿ, ಅದರಿಂದ ಇನ್ನೊಂದು ಕೊಳವೆಗೆ. ಹೆಚ್ಚು ಹಾಕಿದರೂ ಪರೀಕ್ಷೆ ಕೆಡುತ್ತದೆ, ಆದ್ದರಿಂದಲೇ ಅಷ್ಟು ಚಿಕ್ಕ ಚೂರು. ಎರಡಕ್ಕೂ ಒಂದೇ ರೀತಿ ಹನಿ ಹಾಕಿದೆ. ಮಾವ ಕುಕ್ಕರುಗಾಲಲ್ಲಿ ಕೂತು ನೋಡುತ್ತಿದ್ದರು.

ಮೊದಲ ಕೊಳವೆ ಹಳದಿ. ಆಗಲೇಬೇಕು. ಎರಡನೆಯದೂ ಹಳದಿ. ಎಷ್ಟು ಕಾದರೂ ಹಳದಿ.

“ಇದ್ರಾಗ ಅಮೋನಿಯಾ ನಾವೇ ಕೈಯಾರೆ ಹಾಕೀವಿ, ಹೌದಲ್ರಿ? ಆದ್ರೂ ಬಾಟ್ಲಿ ಏನೂ ಇಲ್ಲ ಅಂತೈತಿ. ಇದ್ನ ನಂಬಿ ನಿಮ್ಮ ಸೊಸಿ ಮೇವು ಹಾಕ್ಯಾಳ, ಇದ್ನ ನಂಬಿ ನಾನು ರೋಗದ ಔಷಧಿ ಹಾಕೀನಿ.”

ಮಾವ ಕೊಳವೆ ಎತ್ತಿ ಬಿಸಿಲಿಗೆ ಹಿಡಿದರು. “ಅಂಗಾದ್ರೆ ಡೇಟು ಆಗೋಗೈತಾ?”

“ಡೇಟು ಇನ್ನೂ ಐತ್ರಿ. ಡೇಟು ಇರೋದು ತಂಪಿನಾಗ, ಮುಚ್ಚಳ ಬಿಗಿ ಮಾಡಿ ಇಟ್ಟಿದ್ದಕ್ಕ. ಕಾವಿಗೆ ಇಟ್ರ ಡೇಟಿಗೆ ಮೊದ್ಲೇ ಇದ್ರ ಜೀವ ಹೋಗ್ತೈತಿ.”

ಅದೇ ಡಬ್ಬಿಯ ಕ್ಷಾರ ನೋಡುವ ಬಾಟಲಿಯನ್ನೂ ಬಿಡಲಿಲ್ಲ. ಸುಣ್ಣದ ತಿಳಿನೀರಿಗೆ ಒಂದು ಹನಿ, ನಿಂಬೆಹಣ್ಣಿನ ನೀರಿಗೆ ಒಂದು ಹನಿ. ಎರಡು ಬಣ್ಣ ಬೇರೆ ಬೇರೆಯಾಗಿ ಸರಿಯಾಗಿಯೇ ಬಂದವು. ಒಂದೇ ಡಬ್ಬಿಯಲ್ಲಿ ಕೂತ ಬಾಟಲಿಗಳಿಗೆಲ್ಲ ಒಂದೇ ಆಯುಸ್ಸು ಇರುವುದಿಲ್ಲ. ತೊಟ್ಟಿಯ ನೀರಿಗೆ ಅದನ್ನು ಹಾಕಿದಾಗ ಕ್ಷಾರ ಮೇಲಿನ ಗೆರೆಗೆ ಹೋಗಿತ್ತು. ನನ್ನ ಅನುಮಾನಕ್ಕೆ ಬಲ ಬಂತು.

ಒಳ್ಳೆಯ ಕಿಟ್ ಬರುವುದು ಮಾರನೇ ದಿನ. ನಮ್ಮ ಅಂಗಡಿ ಬೆಟ್ಟದ ಬುಡದ ಹಳೇ ಕಲ್ಲುಮನೆ. ನೆಲದ ಹತ್ತಿರದ ಗೂಡಿನಲ್ಲಿ ಬೇಸಿಗೆಯಲ್ಲೂ ತಂಪು. ನನ್ನ ದ್ರಾವಣಗಳೆಲ್ಲ ಅಲ್ಲೇ. ತಂಗಿಗೆ ಫೋನ್ ಮಾಡಿ, ಅಲ್ಲಿಂದ ಒಂದು ಡಬ್ಬಿ ತೆಗೆದು, ಒದ್ದೆ ಬಟ್ಟೆ ಸುತ್ತಿ, ಮಡಕಶಿರಾಕ್ಕೆ ನೇರ ಬರುವ ಬೆಳಗಿನ ಬಸ್ಸಿನ ಕಂಡಕ್ಟರ್ ಕೈಗೆ ಕೊಡಲು ಹೇಳಿದೆ. ಆದರೆ ಮೀನು ಅಲ್ಲಿಯವರೆಗೆ ಕಾಯುವುದಿಲ್ಲ. ಬಣ್ಣ ನೋಡದೆ ಕೆಲಸ ಶುರು ಮಾಡಬೇಕು.

“ನೀರು ಬದಲಾಯಿಸಬೇಕ್ರಿ. ಇವತ್ತು ಮೂರರಲ್ಲಿ ಒಂದು ಭಾಗ, ನಾಳೆ ಇನ್ನೊಂದು ಭಾಗ.”

ಮಾವನ ಮುಖ ಗಂಟಾಯಿತು. “ಕರೆಂಟು ಇರೋದೇ ನಾಕು ಗಳಿಗೆ. ಆ ನೀರು ಸೊಪ್ಪಿಗೆ ಬೇಕು. ಮೀನಿಗೆ ಚೆಲ್ಲಾಕಾಗಲ್ಲ ಕಣಮ್ಮ.”

“ಚೆಲ್ರಿ ಅಂದವ್ರು ಯಾರು? ತೊಟ್ಟಿ ನೀರು ಕಾಲುವಿಗೆ ಬಿಡ್ರಿ, ಸೊಪ್ಪಿಗೇ ಹೋಗ್ಲಿ. ನಿಮ್ಮ ತೋಟಕ್ಕ ಹಾಕೋ ಯೂರಿಯಾದ ತಮ್ಮ ಐತಿ ಅದ್ರಾಗ. ಮೀನಿಗೆ ವಿಷ, ಸೊಪ್ಪಿಗೆ ಊಟ.”

ಅವರು ಪಂಚೆ ಮೇಲೆ ಕಟ್ಟಿ, ಸಲಿಕೆ ತೆಗೆದುಕೊಂಡು, ಶೆಡ್ಡಿನ ಬಾಗಿಲಿಂದ ತೋಟದ ಸಾಲಿಗೆ ತಾವೇ ಕಾಲುವೆ ತೋಡಿದರು.

ಬದಲಾಯಿಸುವ ಮೊದಲು ಕೆಟ್ಟ ನೀರನ್ನು ಒಂದು ಬಾಟಲಿಗೆ ತುಂಬಿ ಮುಚ್ಚಳ ಬಿಗಿದು, ನೀರಿನ ಗಡಿಗೆಯ ಪಕ್ಕ ತಂಪಿಗೆ ಇಟ್ಟೆ; ನಾಳೆ ಹೊಸ ಕಿಟ್ಟಿಗೆ ಸಾಕ್ಷಿ ಬೇಕಲ್ಲ. ಮೇವು ಪೂರ್ತಿ ಬಂದ್. ಕಿಟಕಿಗೆ ಗೋಣಿ ತಾಟು ಕಟ್ಟಿ ಬಿಸಿಲು ತಪ್ಪಿಸಿದೆವು. ತಳದ ಕೊಳೆಯನ್ನು ಪೈಪಿನಲ್ಲಿ ಎಳೆದರೆ ಪ್ಯೂಪಾ ಪುಡಿ ಕಪ್ಪು ಕೆಸರಾಗಿ ಬಂತು, ಆ ನಾತ ಕೇಳಬೇಡಿ. ಸೊಸೆ ಮೂಗು ಮುಚ್ಚಿಕೊಂಡೇ ಪೈಪು ಹಿಡಿದಿದ್ದಳು. ಹೊಸ ನೀರನ್ನು ಕಲ್ಲಿನ ಮೇಲೆ ಬೀಳಿಸಿ, ನಿಧಾನ ಬಿಟ್ಟೆವು. ಕತ್ತಲಾಗುವ ಮೊದಲೇ ಕೆಲಸ ಮುಗಿಯಿತು. ಅಷ್ಟರೊಳಗೆ ಬೇರೆ ಮೀನು ಮಗುಚಲಿಲ್ಲ.

ಮಾರನೇ ದಿನ ಮಧ್ಯಾಹ್ನಕ್ಕೆ ಮುಂಚೆ ಇನ್ನೊಂದು ಭಾಗ ಬದಲಾಯಿಸಿ, ಬಸ್ಸಿಗೆ ಹೋಗಿ ಡಬ್ಬಿ ತಂದೆವು. ಮೊದಲು ನವಸಾಗರದ ನೀರು. ಹನಿ ಬಿದ್ದು ಅಲ್ಲಾಡಿಸಿದ ಸ್ವಲ್ಪ ಹೊತ್ತಿಗೆ ಹಸಿರು ಏರಿತು. ಈ ಬಾಟಲಿ ನಂಬಬಹುದು. ಆಮೇಲೆ ತೆಗೆದಿಟ್ಟ ಕೆಟ್ಟ ನೀರು. ಅಯ್ಯೋ ಶಿವನೇ! ಹಿಪ್ಪುನೇರಳೆ ಎಲೆಯ ಬಣ್ಣಕ್ಕೆ ತಿರುಗಿತು. ಸೊಸೆ ಬಾಯಿಗೆ ಸೆರಗು ಹಿಡಿದಳು. ಕೊನೆಗೆ ತೊಟ್ಟಿಯ ಆಗಿನ ನೀರು: ತಿಳಿ ಹಸಿರು. ಇನ್ನೂ ಪೂರ್ತಿ ಶುದ್ಧವಲ್ಲ, ಆದರೆ ದಾರಿಗೆ ಬಂದಿತ್ತು. ಊಟದ ಹೊತ್ತು ಕಳೆಯಿತು. ಮೀನುಗಳು ಕೆಳಗಡೆಯೇ ಈಜುತ್ತಿದ್ದವು, ಒಂದೂ ಮೇಲೆ ಬಂದು ಬಾಯಿ ಬಿಡಲಿಲ್ಲ.

ಆಗ ನಾನು ಕೇಳಿದೆ: “ಹಳೇ ಕಿಟ್ಟು ಎಲ್ಲಿ ಇಟ್ಟಿದ್ದಿ ತಂಗಿ?”

ಅವಳು ಮಾವನ ಕಡೆ ನೋಡದೆ ಹೇಳಿದಳು. “ನಾನು ಶೆಡ್ಡಿನ ಗೂಡಲ್ಲಿ ಇಟ್ಟಿದ್ದೆ ಅಕ್ಕ. ಚಳಿ ಶುರುವಾದಾಗ ಒಂದಿನ ಅಲ್ಲಿರಲಿಲ್ಲ. ಹುಡುಕಿದ್ರೆ ಚಾಕಿ ರೂಮಲ್ಲಿತ್ತು. ನನ್ನ ಸಾಮಾನೆಲ್ಲ ಶೆಡ್ಡಿಂದ ಈಚೆಗೆ ಆಕ್ತಾವ್ರೆ, ತೊಟ್ಟಿ ಒಡಿಯಾಕೆ ಇದೇ ಮೊದ್ಲು ಅನ್ಕಂಡೆ. ಕೇಳಾಕೆ ಭಯ ಆಯ್ತು. ದಿನಾ ಅಲ್ಲಿಂದ ತಂದು, ಟೆಸ್ಟ್ ಮಾಡಿ, ಅಲ್ಲೇ ಇಡ್ತಿದ್ದೆ.”

ಚಾಕಿ ಕೋಣೆ ಅಂದರೆ ಮೊಟ್ಟೆಯೊಡೆದ ಎಳೆ ಹುಳವನ್ನು ಸಾಕುವ ಜಾಗ. ಆ ಮನೆಯಲ್ಲಿ ದೇವರ ಕೋಣೆಗಿಂತ ಮಡಿ ಅದಕ್ಕೆ. ಕಾಲು ತೊಳೆಯದೆ ಒಳಗೆ ಹೋಗುವಂತಿಲ್ಲ. ಚಳಿಗೆ ಹುಳ ಸೊರಗಬಾರದೆಂದು ಅಲ್ಲಿ ಇದ್ದಿಲಿನ ಅಗ್ಗಿಷ್ಟಿಕೆ ಇಟ್ಟು ಕಾವು ಕೊಡುತ್ತಾರೆ. ನಾನು ಹೋಗಿ ನೋಡಿದೆ. ಕಿಟ್ಟಿನ ಜಾಗ ಅಗ್ಗಿಷ್ಟಿಕೆಯ ನೇರ ಮೇಲಿನ ಹಲಗೆ. ಕೈಯಿಟ್ಟರೆ ದೋಸೆ ಹೆಂಚು ಇಳಿಸಿದ ಒಲೆಯ ಹಾಗೆ ಬಿಸಿ.

ಹೊರಗೆ ಬಂದಾಗ ಮಾವ ಕಂಬಕ್ಕೆ ಒರಗಿ ನಿಂತಿದ್ದರು.

“ನಾನೇ ಇಟ್ಟಿದ್ದು ಕಣಮ್ಮ,” ಅಂದರು ನನಗೆ. ಆಮೇಲೆ ಸೊಸೆಯ ಕಡೆ ತಿರುಗಿ: “ಈಚೆಗೆ ಆಕಿದ್ದಲ್ಲ ಕಣವ್ವ. ಶೆಡ್ಡಲ್ಲಿ ಚಳಿ. ನೀನು ಆ ಬಾಟ್ಲಿಗಳ್ನ ಮಕ್ಳ ತರ ನೋಡ್ಕಂತಿದ್ದೆ. ಚಳಿಗೆ ಕೆಟ್ಟೋದೀತು ಅಂತ ಬೆಚ್ಚಗಿರೋ ಕಡೆ ಇಟ್ಟೆ. ನಮ್ಮನೇಲಿ ಅದುಕ್ಕಿಂತ ಒಳ್ಳೆ ಜಾಗ ಯಾವುದೈತೆ? ನಾನೇ ನಿನ್ನ ಮೀನು ಕೊಂದಂಗಾಯ್ತಲ್ಲ.”

ಸೊಸೆಯ ಕಣ್ಣಲ್ಲಿ ನೀರು ಇಳಿಯುತ್ತಿತ್ತು. ಇಡೀ ಚಳಿಗಾಲ ಒಂದೇ ಮನೆಯೊಳಗೆ ಇವಳು ಅವರಿಗೆ ಹೆದರಿಕೊಂಡು, ಅವರು ಇವಳ ಬಾಟಲಿಗೆ ಕಾವು ಕೊಟ್ಟುಕೊಂಡು ಬದುಕಿದ್ದರು.

“ನೀವು ಕೊಂದಿಲ್ಲ ಮಾವ,” ಅಂದಳು ಕಡೆಗೆ. “ಇಟ್ಟಿದ್ದು ಹೇಳ್ಬೇಕಿತ್ತು ನೀವು. ಕೇಳ್ಬೇಕಿತ್ತು ನಾನು.”

ಮಾವ ಹೆಗಲ ಟವೆಲಿನಿಂದ ಮುಖ ಒರೆಸಿಕೊಂಡರು. ಜೇಬಿನಿಂದ ಫೋನ್ ತೆಗೆದು, ಕಣ್ಣು ಕಿರಿದು ಮಾಡಿ ನಂಬರ್ ಒತ್ತಿದರು. ಆ ಕಡೆ ಎತ್ತಿದ್ದು ಮೊಟ್ಟೆ ಕೊಡುವವನು. ಇವರದು ಸಣ್ಣ ದನಿ, ಆದರೆ ಅಂಗಳದ ತುಂಬ ಕೇಳಿಸಿತು.

“ನಾನಪ್ಪ. ಆ ಮೊಟ್ಟೆ ಅರ್ಧ ಸಾಕು. ಇಲ್ಲ, ಇಲ್ಲ, ಸೊಪ್ಪು ಐತೆ. ಜಾಗ ಇಲ್ಲ. ಅತ್ಲಾ ಕಡೇದು ನಮ್ಮ ಸೊಸೇದು ಮೀನಿನ ಮನೆ.”